ಇರ್ಲಿ ಬುಡಿ ಅಂದಿದ್ದರು

ಗೌರಕ್ಕ, ನಿಮ್ಮ ಯಜಮಾನರ ಹೊಟ್ಟೆಯೊಳಗೆ ಸೋರುತ್ತಿದ್ದ ರಕ್ತ ನಿಂತಿತ್ತು. ಅದನ್ನು ಮತ್ತೆ ಹರಿಸಿದವಳು ನಾನು. ಡಾಕ್ಟರಲ್ಲ — ನಾನು, ಆಪರೇಷನ್ ಥಿಯೇಟರಿನ ಸರೋಜ ಸಿಸ್ಟರ್.

ಇಷ್ಟನ್ನು ಬರೆಯಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಬರೆದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ತೊಂಬತ್ತರ ದಶಕದ ನಡುವಿನ ಆ ಮಧ್ಯಾಹ್ನ ನಿಮಗೂ ನೆನಪಿದೆ. ಹರವೆಯಿಂದ ಅರಿಸಿನ ತುಂಬಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲಿಂದ ಶಿವಣ್ಣನವರು ಬಿದ್ದರು. ಟ್ರೇಲರಿನ ಮೂಲೆ ಹೊಟ್ಟೆಗೆ ಬಡಿದಿತ್ತು. ಗುಂಡ್ಲುಪೇಟೆಯ ನಮ್ಮ ಸಣ್ಣ ಆಸ್ಪತ್ರೆಗೆ ತಂದಾಗ ಮೈಮೇಲೆ ಒಂದು ತರಚುಗಾಯವೂ ಇರಲಿಲ್ಲ. ಮಾತಾಡುತ್ತಲೇ ಇದ್ದರು. "ಸಿಸ್ಟ್ರೇ, ಬೈಗೊತ್ತಿಗೆ ಬುಟ್ಬುಡ್ತೀರಾ? ಹಸ ಕರೀಬೇಕು" ಅಂದರು. ನಾನು ನಕ್ಕೆ. ನಾಡಿ ಹಿಡಿದಿದ್ದ ಡಾಕ್ಟರು ನಗಲಿಲ್ಲ. ಹೊಟ್ಟೆ ನೋಡನೋಡುತ್ತಲೇ ಬಿಗಿಯುತ್ತಿತ್ತು, ತುಟಿ ಬಿಳಚಿಕೊಳ್ಳುತ್ತಿತ್ತು. ಮೈಸೂರಿಗೆ ಕಳಿಸಿದರೆ ದಾರಿಯಲ್ಲೇ — ಅವರು ಮಾತು ಮುಗಿಸದೆ ಥಿಯೇಟರಿನ ಕಡೆ ನಡೆದರು.

ಹೊಟ್ಟೆ ತೆರೆದಾಗ ಲಿವರ್ ಸೀಳಿಹೋಗಿತ್ತು. ಅದಕ್ಕೆ ಹೊಲಿಗೆ ನಿಲ್ಲುವುದಿಲ್ಲ. ದಾರ ಬಿಗಿದರೆ ಗಟ್ಟಿ ಮೊಸರನ್ನು ಕೊಯ್ದ ಹಾಗೆ ಕೊಯ್ದುಬಿಡುತ್ತದೆ. ಡಾಕ್ಟರು ದಪ್ಪ ಬಟ್ಟೆಗಳನ್ನು ಮಡಿಸಿ, ಸೀಳಿನ ಮೇಲೂ ಕೆಳಗೂ ಒತ್ತಿಟ್ಟು, ನನ್ನ ಎರಡೂ ಅಂಗೈಗಳನ್ನು ಅವುಗಳ ಮೇಲೆ ಇರಿಸಿದರು. "ಅದುಮ್ಕಂಡೇ ಇರಿ. ಮೈಸೂರಿಂದ ರಕ್ತ ಹೊಂಟದೆ. ಬರೋಗಂಟ ಕೈ ತಗೀಬ್ಯಾಡಿ." ಸ್ವಲ್ಪ ಹೊತ್ತಿನಲ್ಲಿ ಒಸರುವುದು ನಿಂತಿತು. ನಿಜವಾಗಿಯೂ ನಿಂತಿತು, ಗೌರಕ್ಕ.

ಅಷ್ಟರಲ್ಲಿ ಕೈಗೆ ಹಾಕಿದ್ದ ಡ್ರಿಪ್ಪು ಕೆಟ್ಟಿತು. ಕಾಲಿನಲ್ಲಿ ಇನ್ನೊಂದು ನರ ಹುಡುಕಲು ಡಾಕ್ಟರು ನನಗೆ ಬೆನ್ನು ಮಾಡಿ ಬಗ್ಗಿದರು. ಅರಿವಳಿಕೆಯ ಡಾಕ್ಟರು ತಲೆಯ ಹತ್ತಿರ ಉಸಿರಿನ ಚೀಲ ಒತ್ತುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

"ಸಾರ್, ಮೇಲಿನ ಬಟ್ಟೆ ನೆಂದದೆ. ಬದಲಾಯಿಸ್ಲಾ?"

"ಇರ್ಲಿ ಬುಡಿ."

ನಮ್ಮ ಕಡೆ ಹುಟ್ಟಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬರೀ ‘ಬುಡಿ’ ಅಂದರೆ ಕೈ ಬಿಡಿ ಅಂತಲೂ ಆದೀತು. ‘ಇರ್ಲಿ ಬುಡಿ’ ಅಂದರೆ ಇದ್ದ ಹಾಗೆಯೇ ಇರಲಿ, ಮುಟ್ಟಬೇಡಿ ಅಂತ. ನನಗೆ ಕೊನೆಯ ಮಾತು ಮಾತ್ರ ಕೇಳಿಸಿತು ಅಂತ ವರ್ಷಗಟ್ಟಲೆ ನನಗೇ ಹೇಳಿಕೊಂಡೆ. ಸುಳ್ಳು. ಎರಡೂ ಕೇಳಿಸಿತ್ತು. ಹೆಬ್ಬೆರಳು ಜೋಮು ಹಿಡಿದಿತ್ತು, ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ — ಒಂಬತ್ತು ವರ್ಷದ ಅನುಭವ ನೆತ್ತಿಗೇರಿತ್ತು. ಅವರು ತಿರುಗಿ ನೋಡುವಷ್ಟರಲ್ಲಿ ಹೊಸ ಬಟ್ಟೆ ಇಟ್ಟು ಶಹಭಾಸ್ ಅನ್ನಿಸಿಕೊಳ್ಳಬೇಕಿತ್ತು ನನಗೆ.

ಎತ್ತಿದೆ. ಕಟ್ಟಿಕೊಂಡಿದ್ದ ಹೆಪ್ಪು ಬಟ್ಟೆಗೆ ಅಂಟಿಕೊಂಡು ಬಂತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಕಪ್ಪಗೆ, ಸದ್ದಿಲ್ಲದೆ, ತುಂಬಿಕೊಂಡು ಬಂತು.

ಬಟ್ಟೆಯನ್ನು ಮತ್ತೆ ಅದುಮಿ ಕೂಗಿದೆ. ಡಾಕ್ಟರು ಓಡಿಬಂದು, ಲಿವರಿಗೆ ರಕ್ತ ಒಯ್ಯುವ ನಾಳಗಳನ್ನು ಬೆರಳುಗಳಲ್ಲೇ ಹಿಸುಕಿ ಹಿಡಿದರು. ಆದರೆ ರಕ್ತ ಬರುತ್ತಿದ್ದದ್ದು ಲಿವರಿನ ಹಿಂದಿನಿಂದ, ಹಿಡಿತಕ್ಕೆ ಸಿಗದ ಕಡೆಯಿಂದ. "ಕೈ ತಗುದ್ರಾ?" ಎಂದು ಕೇಳಿದರು.

"ಇಲ್ಲ ಸಾರ್."

ನಂಬಿಬಿಟ್ಟರು. ಮೈಸೂರಿನ ಜೀಪು ಬಂದಾಗ ರಕ್ತದ ಬಾಟಲಿ ಇಳಿಸಿಕೊಳ್ಳಲು ಯಾರೂ ಓಡಲಿಲ್ಲ. ಡಾಕ್ಟರೇ ಹೊರಗೆ ಬಂದು ನಿಮ್ಮ ಮುಂದೆ ನಿಂತು, "ನನ್ನ ಕೈಲಿ ಆಗ್ನಿಲ್ಲ ಕಣವ್ವ. ಸಿಸ್ಟರ್ ಮಾತ್ರ ಕೊನೇಗಂಟ ಕೈ ಬುಡ್ನಿಲ್ಲ" ಅಂದರು. ಜನ ಅವರ ಕೊರಳಪಟ್ಟಿ ಹಿಡಿದರು, ಕೊಲೆಗಾರ ಅಂದರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಆ ವರ್ಷ ಮುಗಿಯುವುದರೊಳಗೆ ಅವರು ಆಪರೇಷನ್ ಮಾಡುವುದನ್ನೇ ಬಿಟ್ಟು ಊರು ತೊರೆದರು.

ಅದಾದ ಮೇಲೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ನೀವು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿರಿ. "ಇದೇ ಕೈ ಕಣವ್ವ, ಅವರ್ನ ಕೊನೇಗಂಟ ಹಿಡ್ಕಂಡಿದ್ದು." ಒಮ್ಮೆ ಸೆರಗಿನಿಂದ ಅವರೆಕಾಯಿ ಬಿಚ್ಚಿ ಕೊಟ್ಟಿರಿ. ನಾನು ತಂದೆ, ಬೇಯಿಸಿದೆ, ತಿಂದೆ. ಥೂ, ನನ್ನ ಜನ್ಮಕ್ಕೆ. ನಿಮ್ಮನ್ನು ದೂರದಲ್ಲಿ ಕಂಡರೆ ಬೇರೆ ಬಸ್ಸು ಹತ್ತಲು ಶುರುಮಾಡಿದ್ದು ಆಮೇಲೆ.

ಡಾಕ್ಟರ ವಿಳಾಸ ಹುಡುಕಿ ಅವರಿಗೂ ಬರೆದಿದ್ದೇನೆ. ಆ ಕಾಗದ ನಿನ್ನೆ ಅಂಚೆಗೆ ಹೋಯಿತು. ನಿಮ್ಮದನ್ನು ಹಾಕಲಿಲ್ಲ. ನಿಮಗೆ ಓದು ಬರುವುದಿಲ್ಲ; ಮಗಳೇ ಓದಿ ಹೇಳಬೇಕು. ತನ್ನ ಅಪ್ಪನನ್ನು ನಾನು ಹೇಗೆ ಕೊಂದೆ ಎಂಬುದನ್ನು ಅವಳು ತನ್ನ ಬಾಯಲ್ಲಿ ಓದಬಾರದು. ಸೋಮವಾರದ ಮೊದಲ ಬಸ್ಸಿಗೆ ಹರವೆಗೆ ಬರುತ್ತೇನೆ. ನಾನೇ ಓದುತ್ತೇನೆ, ನಿಂತುಕೊಂಡೇ. ನಡುವೆ ನಿಲ್ಲಿಸಿದರೆ ನೀರು ಕೊಡಬೇಡಿ, ಗೌರಕ್ಕ. ‘ಮುಂದಕ್ಕೆ ಓದು’ ಅನ್ನಿ.