ಕ್ಯಾಮೆರಾಗಳಿಗೆ ಕಾಲುಚೀಲ ತೊಡಿಸುವ ಜಯಮಾಲಾ

ಮಲ್ಪೆಯಲ್ಲಿ ಬೆಳಕು ಹರಿಯುತ್ತಿದೆ. ಬಂದರಿನ ಕಡೆಯಿಂದ ಮೀನು ಹರಾಜಿನ ಕೂಗು. ಐಸ್ ಪ್ಲಾಂಟಿನ ಅಂಗಳದಲ್ಲಿ ಜಯಮಾಲಾ ಏಣಿ ಹತ್ತಿ ಸಿಸಿಟಿವಿ ಕ್ಯಾಮೆರಾಗಳಿಗೆ ಒಂದೊಂದಾಗಿ ಕರಿ ಕಾಲುಚೀಲ ತೊಡಿಸುತ್ತಿದ್ದಾರೆ. ನೋಡಿದರೆ ನಗು ಬರಬೇಕು. ಆದರೆ ಅವರು ಪ್ರತಿ ಚೀಲವನ್ನೂ ಎರಡೆರಡು ಸಲ ಎಳೆದು ನೋಡುತ್ತಾರೆ.

“ಕಣ್ಣು ಮುಚ್ಚಿದರೆ ಅವಕ್ಕೆ ಕತ್ತಲಾದ ಹಾಗೆ,” ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. “ಆಗ ರಾತ್ರಿ ನೋಡ್ಲಿಕ್ಕೆ ಇರುವ ಒಳಗಿನ ದೀಪ ಹೊತ್ತಿಕೊಳ್ತದೆ. ಹಗಲು ಕಾಲು ಆಂಪಿಯರ್ ಎಳೆಯುವುದು ಅರ್ಧ ಎಳೀತದೆ. ಹಗಲಲ್ಲಿ ನೋಡಿ ಎಲ್ಲ ಸರಿ ಉಂಟು ಅಂತ ಹೋದರೆ ಆಯಿತಾ?”

ಬಾಗಲಕೋಟೆಯಿಂದ ಗಾರೆ ಕೆಲಸಕ್ಕೆ ಬಂದ ತಾಯಿಯ ಸೆರಗು ಹಿಡಿದು ಉದ್ಯಾವರ ಸೇರಿದವರು ಇವರು. ಕಟ್ಟಡಗಳಲ್ಲೇ ವೈರಿಂಗ್ ಕಲಿತರು. ಈಗ ಮಣಿಪಾಲದ ಫ್ಲ್ಯಾಟು, ಕಾಪುವಿನ ಅಂಗಡಿ, ಕಾರ್ಕಳದ ಗೇರುಬೀಜದ ಕಾರ್ಖಾನೆ, ಎಲ್ಲೇ ಕ್ಯಾಮೆರಾ ಹಾಕಲಿ, ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕುವುದು ಇವರೇ.

ಇಲ್ಲಿ ವೈರಿನ ತುದಿಯ ಕ್ಯಾಮೆರಾ ಇರುವುದು ಕಂಪ್ರೆಸರ್ ಕೋಣೆಯಲ್ಲಿ. ಅಲ್ಲಿ ಒಂಟಿಯಾಗಿ ದುಡಿಯುವ ಸಿದ್ದಣ್ಣ ಇವರ ಗಂಡ. ಐಸ್ ಕಟ್ಟಿಸುವ ಅಮೋನಿಯಾ ಸೋರಿದರೆ ಕೂಗಲಿಕ್ಕೂ ಉಸಿರು ಸಿಗುವುದಿಲ್ಲ. ಹಾಗಾಗಿ ಆಫೀಸಿನ ಪರದೆಯಲ್ಲಿ ಅವರು ಕಾಣುತ್ತಿರಬೇಕು.

ಕಳೆದ ತಿಂಗಳು ಮಾಲೀಕ ದಾಮೋದರ ಅಂಗಳಕ್ಕೆ ಇನ್ನೆರಡು ದೊಡ್ಡ ಕ್ಯಾಮೆರಾ ಹಾಕಿಸಿದರು. ಎರಡು ತಾನೆ ಎಂದು ಜಯಮಾಲಾರನ್ನು ಕೇಳದೆ, ಎಲ್ಲ ಕ್ಯಾಮೆರಾಗಳಿಗೆ ಕರೆಂಟು ಕೊಡುವ ಹಳೆಯ ಪವರ್ ಪೆಟ್ಟಿಗೆಗೇ ವೈರು ಕೊಡಿಸಿದರು. ಹಗಲೆಲ್ಲ ಚಿತ್ರ ಚೆನ್ನಾಗಿತ್ತು. ಮುಸ್ಸಂಜೆ ಎಲ್ಲದರ ದೀಪ ಒಟ್ಟಿಗೆ ಹೊತ್ತಿದಾಗ ತುದಿಯ ಕ್ಯಾಮೆರಾಕ್ಕೆ ಕರೆಂಟು ಸಾಲದೆ ಪರದೆ ಕಪ್ಪಾಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಸಂಜೆಯೇ ಅಮೋನಿಯಾ ಸೋರಿತು. ಐಸ್ ಒಯ್ಯಲು ಬಂದ ಲಾರಿಯ ಡ್ರೈವರ್ ಆಲ್ವಿನ್ ಘಾಟು ಹಿಡಿದು, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ ಒಳನುಗ್ಗಿ ಸಿದ್ದಣ್ಣನನ್ನು ಎಳೆದು ತರದಿದ್ದರೆ... ಜಯಮಾಲಾ ಮುಂದಿನ ಚೀಲ ಕೈಗೆತ್ತಿಕೊಳ್ಳುತ್ತಾರೆ.

ಇವತ್ತು ಸಿದ್ದಣ್ಣ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಕೋಣೆಯ ದೀಪ ಆರಿಸಿ, ಹೊರಗಿನ ಕ್ಯಾಮೆರಾಗಳಿಗೆಲ್ಲ ಚೀಲ ಹಾಕಿಯಾಯಿತು. ಮೊಬೈಲಿನಲ್ಲಿ ಕೋಣೆಯ ಚಿತ್ರ ಎರಡು ಸಲ ಮಿಣುಕಿ ಕಪ್ಪಾಗುತ್ತದೆ. ತುದಿಯಲ್ಲಿ ಮೀಟರ್ ಹಿಡಿದರೆ ಹನ್ನೆರಡು ವೋಲ್ಟ್ ಇರಬೇಕಾದಲ್ಲಿ ಒಂಬತ್ತು. ಐದು ಆಂಪಿಯರಿನ ಪೆಟ್ಟಿಗೆಯ ಮೇಲೆ ಆರರ ಹೊರೆ.

“ಬೋಟಿನವರು ಐಸಿಗೆ ಕಾಯ್ತಾ ಇದ್ದಾರೆ ಮಾರಾಯ್ತಿ,” ಎನ್ನುತ್ತಾರೆ ದಾಮೋದರ. “ಹಗಲಿಗೆ ಎಂತ ತೊಂದರೆ ಇಲ್ಲ ಅಲ್ವಾ?”

“ಹಾಗಾದರೆ ಸಂಜೆವರೆಗೆ ಒಳಗೆ ನೀವೇ ಇರಿ.”

ದಾಮೋದರ ಹೋಗಿ ಏಣಿ ಹಿಡಿದು ನಿಲ್ಲುತ್ತಾರೆ. ಜಯಮಾಲಾ ಹತ್ತು ಆಂಪಿಯರಿನ ಪೆಟ್ಟಿಗೆ ಕೂರಿಸುತ್ತಾರೆ, ಕೋಣೆಗೆ ಬೇರೆಯೇ ದಪ್ಪ ವೈರು ಎಳೆಯುತ್ತಾರೆ. ಚೀಲಗಳು ಹಾಗೆಯೇ ಇವೆ. ಈಗ ಹನ್ನೊಂದೂವರೆ ವೋಲ್ಟ್. ಚಿತ್ರ ಮಿಣುಕದೆ ನಿಂತಿದೆ.

ದೀಪ ಹಾಕಿ ಸಿದ್ದಣ್ಣ ಒಳಗೆ ಹೋಗುತ್ತಾರೆ. ಹೋದ ಕೂಡಲೇ ಕ್ಯಾಮೆರಾಕ್ಕೆ ಕೈ ಎತ್ತಿ ತೋರಿಸಬೇಕೆಂದು ಮಾತಾಗಿದೆ. ಪರದೆಯಲ್ಲಿ ಬರೀ ಯಂತ್ರ ಕಾಣುತ್ತಿದೆ. ನಾನೂ ಮೊಬೈಲಿನತ್ತ ಬಗ್ಗುತ್ತೇನೆ.

“ರೀ, ಎಲ್ಲದೀರಿ? ಕೈ ಎತ್ರೀ!” ಹುಟ್ಟೂರಿನ ಮಾತಿನಲ್ಲಿ ಜಯಮಾಲಾ ಮೊಬೈಲಿಗೇ ಕಿರುಚುತ್ತಾರೆ.

ಯಂತ್ರದ ಹಿಂದಿನಿಂದ ಒಂದು ಕೈ ಮೇಲೇಳುತ್ತದೆ. ಜಯಮಾಲಾ ಮೀನಿನ ಕ್ರೇಟಿನ ಮೇಲೆ ಕುಸಿದು ಕೂತು ಅಳುತ್ತಾರೆ.

ಇನ್ನು ಹೆದರಿಕೆ ಹೋಯಿತಲ್ಲ ಎಂದು ಕೇಳುತ್ತೇನೆ. ಕಣ್ಣೊರೆಸಿಕೊಂಡು ಚೀಲಗಳನ್ನು ಬಿಚ್ಚಲು ಏಣಿಯತ್ತ ನಡೆಯುತ್ತಾರೆ.

“ಅದು ಹೋಗುವುದು ಬೇಡ ಮಾರಾಯ್ರೆ. ಹೆದರಿಕೆ ಹೋದ ದಿನ ನಾನು ಈ ಕಾಲುಚೀಲ ತರುವುದನ್ನು ಮರೀತೇನೆ.”