ಡೆಲ್ಮಿರಾ ಅತ್ತೆಯ ಐದು ದಿನದ ಖರ್ಚು

ನಮ್ಮ ಡೆಲ್ಮಿರಾ ಅತ್ತೆಗೆ ಕೈಯಲ್ಲಿ ದುಡ್ಡಿದ್ದರೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಬ್ಯೂನಸ್ ಐರಿಸ್ಸಿನ ನಮ್ಮ ಬೀದಿಯಲ್ಲಿ ಬೆಳಗಿನ ಬೆಲೆ ಸಂಜೆಗೆ ಇರುವುದಿಲ್ಲ. ಪಿಂಚಣಿ ಬಂದರೆ ಮಧ್ಯಾಹ್ನದೊಳಗೆ ಅದನ್ನು ಎಣ್ಣೆ, ಸೋಪು, ನೂಡಲ್ಸ್ ಮಾಡಿಬಿಡುವುದು ಎಲ್ಲರ ರೂಢಿ. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಮಾವ ಗಟ್ಟಿಮುಟ್ಟಾಗಿದ್ದಾಗಲೇ ಅವರ ಶವಪೆಟ್ಟಿಗೆ ಕೊಂಡು, ಅದರ ತುಂಬ ಅಕ್ಕಿ ಇಟ್ಟಿದ್ದಳು. ಮಾವ ತೀರಿಕೊಂಡ ದಿನ ನಾವು ಮೊದಲು ಅಕ್ಕಿ ಖಾಲಿ ಮಾಡಬೇಕಾಯಿತು.

ಇಂಥ ಅತ್ತೆ ಕಳೆದ ಚಳಿಗಾಲದಲ್ಲಿ ನದಿ ದಾಟಿ ಪಕ್ಕದ ದೇಶದ ಮೊಂಟೆವಿಡಿಯೊಗೆ ಹೊರಟಳು. ನಮ್ಮ ಬೀದಿಯಿಂದಲೇ ಹೋಗಿ ಅಲ್ಲಿ ನೆಲೆಸಿದ್ದ ಅವಳ ತಂಗಿ ಇರ್ಮಾ, ಅರವತ್ತೆಂಟನೇ ವಯಸ್ಸಿನಲ್ಲಿ, ಶನಿವಾರ ಮದುವೆಯಾಗುವವಳಿದ್ದಳು. ಅಕ್ಕತಂಗಿಯರು ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು. "ನಿನ್ನ ಡಬ್ಬ ಖಾಲಿಯಾದಾಗ ಮಾತ್ರ ನಾನು ನೆನಪಾಗ್ತೀನಿ" ಎಂದು ಇರ್ಮಾ ಅಂದದ್ದೇ ಕಾರಣ.

"ಮದ್ವೆಗೆ ಹೋಗ್ತೀನಿ. ಆದ್ರೆ ಅವಳ ಮನೇಲಿ ಒಂದು ತುತ್ತೂ ತಿನ್ನಲ್ಲ, ನೋಡ್ತಿರು" ಎಂದಳು ಅತ್ತೆ. ಐದು ದಿನದ ಹೋಟೆಲು, ಊಟ, ಬಸ್ಸು ಎಲ್ಲ ಲೆಕ್ಕ ಹಾಕಿ, ಕೂಡಿಟ್ಟ ಡಾಲರುಗಳನ್ನು ಒಳಲಂಗಕ್ಕೆ ಹೊಲಿದುಕೊಂಡಳು. ನನ್ನ ದುಡ್ಡನ್ನೂ ಕಿತ್ತುಕೊಂಡು ಅದರ ಜೊತೆಗೇ ಸೇರಿಸಿದಳು. ಅವಳ ಅಣ್ಣನ ಮಗಳಾಗಿ ಹುಟ್ಟಿದ ತಪ್ಪಿಗೆ ನಾನೂ ಜೊತೆಗೆ ಹೊರಟೆ.

ಮಂಗಳವಾರ ಬೆಳಿಗ್ಗೆ ಮೊಂಟೆವಿಡಿಯೊದಲ್ಲಿ ಇಳಿದು, ಬಂದರಿನ ಎದುರಿನ ಅಂಗಡಿಯ ಬೋರ್ಡಿನಲ್ಲಿ ಕಾಫಿಯ ಬೆಲೆ ಓದಿ ಅತ್ತೆ ಎದೆ ಹಿಡಿದುಕೊಂಡಳು.

"ಇವತ್ತೇ ಇಷ್ಟು ಅಂದ್ರೆ ಶನಿವಾರಕ್ಕೆ ಎಷ್ಟಾಗ್ಬೇಡ! ಏನಪ್ಪಾ, ಹತ್ತು ಕಾಫಿ ಕೊಡು."

"ಇನ್ಯಾರು ಬರ್ತಾರಮ್ಮ?" ಎಂದ ಮಾಣಿ.

"ಯಾರೂ ಬರಲ್ಲ. ಎರಡು ಇವತ್ತಿಂದು, ಎರಡು ನಾಳೇದು, ಹಂಗೇ ಮುಂದಕ್ಕೆ."

"ನಾಳೇನೂ ಇದೇ ರೇಟು ಕಣಮ್ಮ."

"ಮುಂದಿನ ವಾರ?"

"ಆಗ್ಲೂ ಇದೇ."

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದಳು. "ಪಾಪ, ತಲೆ ಸರಿ ಇಲ್ಲ ಅನ್ಸುತ್ತೆ. ವಾದ ಮಾಡ್ಬೇಡ."

ನಾಲ್ಕು ಕಾಫಿ ನನ್ನ ಹೊಟ್ಟೆಗೆ ಬಿತ್ತು, ಉಳಿದದ್ದು ಅವಳ ಹೊಟ್ಟೆಗೆ. ಆಮೇಲೆ ಐದು ದಿನದ ಎಂಪನಾದಾ ಎಂಬ ಮಾಂಸದ ಕಡುಬು, ಪಿಜ್ಜಾ, ಕರಿದ ಮಾಂಸ ಎಲ್ಲವನ್ನೂ ಒಟ್ಟಿಗೆ ಕಟ್ಟಿಸಿದಳು. ಬಸ್ ಕಂಡಕ್ಟರನ ಜೊತೆ ಜಗಳವಾಡಿ ಶನಿವಾರದ ಟಿಕೆಟ್ಟನ್ನೂ ಹರಿಸಿಕೊಂಡಳು. ಮದುವೆಗೆ ಬೇಕಾದ ಕೇಶಾಲಂಕಾರವೂ ಅವತ್ತೇ ಮುಗಿಯಿತು. ಅದು ಕೆಡಬಾರದೆಂದು ನಾಲ್ಕು ರಾತ್ರಿ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವುದೆಂದು ನಿರ್ಧರಿಸಿದಳು. ಅಷ್ಟು ಹೊತ್ತಿಗೆ ಒಳಲಂಗ ಖಾಲಿಯಾಗಿ ಹಗುರವಾಗಿತ್ತು.

ಹೋಟೆಲಿನ ಹೀಟರಿನ ಬಿಸಿಗೆ ಗುರುವಾರದ ಹೊತ್ತಿಗೆ ಊಟವೆಲ್ಲ ಹಳಸಿತು. ನಾತಕ್ಕೆ ಹೋಟೆಲಿನವರು ಬಂದು ಎತ್ತಿ ಬಿಸಾಕಿದರು. ಅತ್ತೆ ದಿನಾ ಹೋಗಿ ಆ ಕಾಫಿಯ ಬೋರ್ಡು ನೋಡಿ ಬರುತ್ತಿದ್ದಳು. ಬೆಲೆ ಒಂದು ಪೈಸೆಯೂ ಏರಿರಲಿಲ್ಲ. "ಮೋಸಗಾರರು!" ಎಂದು ಬೈದಳು.

ಶುಕ್ರವಾರ ಅವಳ ಹೊಟ್ಟೆ ಗುಡುಗುತ್ತಿತ್ತು. "ನಂಗೇನೂ ಹಸಿವಿಲ್ಲ" ಎಂದಳು. ನನಗೆ ರೇಗಿಹೋಯಿತು. "ನಿನ್ನ ಮಾನ ನೀನೇ ತಿನ್ನು ಅತ್ತೆ, ನಂಗೆ ಅನ್ನ ಬೇಕು" ಎಂದು ಕೈ ಹಿಡಿದು ಇರ್ಮಾಳ ಮನೆಗೆ ಎಳೆದುಕೊಂಡು ಹೋದೆ.

ಇರ್ಮಾ ಬಾಗಿಲು ತೆಗೆದು, ಮೊದಲು ಅಕ್ಕನ ತಲೆಯನ್ನೂ ಆಮೇಲೆ ಮುಖವನ್ನೂ ನೋಡಿದಳು. ಅತ್ತೆ ಹೊಸ್ತಿಲಲ್ಲೇ ನಿಂತು ಹೇಳಿಬಿಟ್ಟಳು.

"ಹಸಿವಾಗಿದೆ ಕಣೇ. ಏರಿಬಿಡುತ್ತೆ ಅಂತ ಎಲ್ಲಾ ಒಂದೇ ದಿನ ಕೊಂಡ್ಬಿಟ್ಟೆ."

ಈಗ ಚುಚ್ಚುತ್ತಾಳೆ ಎಂದುಕೊಂಡೆ. ಇರ್ಮಾ ಮಲಗುವ ಕೋಣೆಯ ಬಾಗಿಲು ತೆರೆದಳು. ನೆಲದಿಂದ ಸೂರಿನವರೆಗೆ ಎಣ್ಣೆ, ಸಕ್ಕರೆ, ನೂಡಲ್ಸ್. ಮಂಚಕ್ಕೆ ಹೋಗಲು ಒಬ್ಬರು ಅಡ್ಡಡ್ಡ ನಡೆಯುವಷ್ಟೇ ದಾರಿ.

"ಇಲ್ಲಿ ದಿನಾ ಬೆಲೆ ಏರಲ್ಲ ಅಂತ ಗೊತ್ತು ಅಕ್ಕಾ, ಕಣ್ಣಾರೆ ನೋಡ್ತಿದೀನಿ. ಆದ್ರೂ ಪಿಂಚಣಿ ಬಂದ್ರೆ ಕೈ ನಿಲ್ಲಲ್ಲ. ನನ್ನ ಕೈ ಹಿಡಿಯೋರಿಗೆ ಇನ್ನೂ ತೋರ್ಸಿಲ್ಲ. ನಾಳೆ ಮದ್ವೆ ಆದ್ಮೇಲೆ ಇದನ್ನ ನೋಡಿ ಓಡಿಹೋದ್ರೆ?"

ಅತ್ತೆ ಒಂದು ಎಣ್ಣೆ ಡಬ್ಬ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕಣ್ಣೀರು ಕೆನ್ನೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ಓಡಿಹೋದ್ರೆ ಹೋಗ್ಲಿ ಬಿಡೇ, ನಾನಿದೀನಿ. ಮೊದ್ಲು ಒಲೆ ಹಚ್ಚು."

ಅವತ್ತು ಅತ್ತೆ ನೂಡಲ್ಸನ್ನು ಮೂರು ಸಲ ಹಾಕಿಸಿಕೊಂಡಳು.