ಬಟನ್ ಮುಟ್ಟದೆ ಊದುವ ಸ್ವರ

ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ವಿದ್ಯಾನಗರದ ಒಂದು ಏರುರಸ್ತೆಯಲ್ಲಿ, ಕೀಬೋರ್ಡು, ಜನರೇಟರ್ ಹೊತ್ತಿದ್ದ ನಮ್ಮ ಟೆಂಪೊ ತನ್ನಷ್ಟಕ್ಕೆ ಹಿಂದಕ್ಕೆ ಜಾರತೊಡಗಿತು. ಮದುವೆ ಮೆರವಣಿಗೆಗೆ ಅಡ್ಡವಾಗಿ ಜೋತುಬಿದ್ದಿದ್ದ ಕೇಬಲ್ಲನ್ನು ಕೋಲಿನಿಂದ ಎತ್ತಲು ಡ್ರೈವರ್ ಕೆಳಗಿಳಿದಿದ್ದ. ಟೆಂಪೊದ ಹಿಂದೆ ಕುಣಿಯುವವರೂ ಬ್ಯಾಂಡ್‌ಸೆಟ್ಟಿನ ಮಾಸ್ಟರೂ ಅದಕ್ಕೆ ಬೆನ್ನು ಹಾಕಿದ್ದರು. ರಸ್ತೆಯಂಚಿನಲ್ಲಿ ಟ್ರಂಪೆಟ್ ಹಿಡಿದು ನಿಂತಿದ್ದ ನನಗೆ ಮಾತ್ರ ಅದು ಕಂಡಿತು. ಕೂಗಿದೆ. ಡ್ರಮ್ಮಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ನಮ್ಮ ಸೆಟ್ಟಿನಲ್ಲಿ ಒಂದು ಪದ್ಧತಿಯಿದೆ. ಯಾವ ಬಟನ್ನೂ ಒತ್ತದೆ ಒಂದೇ ಸ್ವರವನ್ನು ಉದ್ದಕ್ಕೆ ಊದಿದರೆ, ಎಲ್ಲರೂ ಇದ್ದಲ್ಲೇ ನಿಲ್ಲಿಸಬೇಕು. ಟ್ರಂಪೆಟ್ಟಿನ ಮೂರು ಬಟನ್‌ಗಳಲ್ಲಿ ನನ್ನ ಬೆರಳುಗಳು ಮೊದಲನೆಯದನ್ನೂ ಮೂರನೆಯದನ್ನೂ ಒತ್ತಿದವು.

ಕಾರಣ ಇಷ್ಟೇ. ಬಟನ್ ಒತ್ತದೆ ಟ್ರಂಪೆಟ್ಟಿನಲ್ಲಿ ಸ ಊದಿದರೆ ಕೀಬೋರ್ಡಿನ ಸ ಬರುವುದಿಲ್ಲ, ಒಂದು ಸ್ವರ ತಗ್ಗಿ ಕೇಳುತ್ತದೆ. ಅದಕ್ಕೆ ಸರಿಹೊಂದಲು ಒಂದು ಮೆಟ್ಟಿಲು ಏರಿಸಿ ರಿ ಹಿಡಿಯಬೇಕು, ಅಂದರೆ ಒಂದನೆಯ ಮತ್ತು ಮೂರನೆಯ ಬಟನ್. ಡಿಗ್ರಿ ಓದಿದವಳೆಂದು ಹಾಡುಗಳನ್ನು ಹಾಗೆ ಏರಿಸಿ ಬರೆಯುವ ಕೆಲಸ ನನಗೆ ಕೊಟ್ಟಿದ್ದರು. ವಾರವಿಡೀ ಅದನ್ನೇ ಮಾಡಿದ್ದ ಬೆರಳು ಅಂದೂ ಅದನ್ನೇ ಮಾಡಿತು. ಸ್ವರ ಕೀಬೋರ್ಡಿಗೆ ಎಷ್ಟು ಚೆನ್ನಾಗಿ ಕೂಡಿತೆಂದರೆ, ಡ್ರಮ್ಮಿನವನು ಹುರುಪಾಗಿ ಇನ್ನೂ ಜೋರಾಗಿ ಬಾರಿಸಿದ.

ಎರಡನೇ ಉಸಿರಿಗೆ ಬಟನ್‌ಗಳಿಂದ ಬೆರಳು ತೆಗೆದು ಊದಿದೆ. ಎಲ್ಲ ನಿಂತಿತು. ಆ ಮೌನದಲ್ಲಿ ಚಕ್ರದಡಿಯ ಜಲ್ಲಿ ಕರಕರ ಅಂದದ್ದು ಎಲ್ಲರಿಗೂ ಕೇಳಿತು. ಜನ ಚೆದುರಿದರು. ಟೆಂಪೊ ಕಾಂಪೌಂಡಿಗೆ ಗುದ್ದಿ ನಿಂತಿತು. ಎಲ್ಲರಿಗಿಂತ ಕೊನೆಗೆ ಪಕ್ಕಕ್ಕೆ ಹಾರಿದ ಮಾಸ್ಟರ ಹಿಮ್ಮಡಿ ಹರಿದಿತ್ತು.

ಆಮೇಲೆ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಟೆಂಪೊ ಜಾರುತ್ತಿತ್ತು, ಬೆರಳು ಬಟನ್ ಒತ್ತುವಂತೆ ಮಡಚಿಕೊಳ್ಳುತ್ತಿತ್ತು. ಇನ್ನೊಮ್ಮೆ ಹಾಗಾದರೆ? ಟ್ರಂಪೆಟ್ ವಾಪಸ್ ಕೊಟ್ಟುಬಿಡೋಣವೆಂದು ಭದ್ರಾವತಿಗೆ, ಮಾಸ್ಟರ ಮನೆಗೆ ಹೋದೆ. ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು.

"ತಪ್ಪು ಸ್ವರ ಊದಿದೆ ಮಾಸ್ಟರ್."

"ಯಾರಮ್ಮ ತಪ್ಪು ಅಂದೋರು? ಶ್ರುತೀಲಿ ಬೆಣ್ಣೆ ಥರ ಇತ್ತಲ್ಲ! ಅದಕ್ಕೇ ಒಬ್ಬನೂ ನಿಲ್ಲಿಸಲಿಲ್ಲ."

ನನಗೆ ನಗು ಬರಲಿಲ್ಲ. "ನಿಲ್ಲಿಸೋದಕ್ಕೆ ಆ ಸ್ವರಾನೇ ಯಾಕೆ ಇಟ್ಟಿರಿ?"

"ಹೆದರಿದಾಗ ಬೆರಳು ಎಲ್ಲಿದೆ ಅಂತ ಗೊತ್ತಾಗಲ್ಲ ಮಾರಾಯ್ತಿ. ಬೆರಳೇ ಬೇಡದ ಸ್ವರ ಅಲ್ವಾ ಅದು? ನೀನು ನೋಡಿದ್ರೆ ಹೆದರಿಕೇಲೂ ಪಾಠ ಒಪ್ಪಿಸ್ತೀಯ!"

ಮಾಸ್ಟರು ಟ್ರಂಪೆಟ್ ವಾಪಸ್ ತೆಗೆದುಕೊಳ್ಳಲಿಲ್ಲ. ಅವರ ಮನೆಯಲ್ಲಿ ನಡೆಯುವ ಪ್ರತಿ ರಿಹರ್ಸಲ್ಲಿನಲ್ಲೂ ಹಾಡಿನ ನಡುವೆ ಎಲ್ಲೆಂದರಲ್ಲಿ ಊರುಗೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು, ಆಗ ನಾನು ಆ ನಿಲ್ಲಿಸುವ ಸ್ವರ ಊದಬೇಕಿತ್ತು. ನಾಲ್ಕು ಸಲ ಬೆರಳು ಮಡಚಿಕೊಂಡಿತು. ಡ್ರಮ್ಮಿನವನು "ಟೆಂಪೊ ಬಂತು, ಓಡ್ರೋ" ಎಂದು ರೇಗಿಸಿದ.

ಒಂದು ಭಾನುವಾರ ರಿಹರ್ಸಲ್ಲಿನ ನಡುವೆ ಅಡುಗೆಮನೆಯಲ್ಲಿ ಅವರ ಹೆಂಡತಿಯ ಕೈಯಿಂದ ಕುಕ್ಕರಿನ ಮುಚ್ಚಳ ಧಡ್ಡನೆ ಬಿತ್ತು. ಯಾರೂ ಹೇಳದೆ ನಾನು ಊದಿದ್ದೆ. ಎಲ್ಲರೂ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಕೆಳಗೆ ನೋಡಿದೆ. ಮೂರೂ ಬಟನ್‌ಗಳು ಮೇಲೆದ್ದೇ ಇದ್ದವು, ಒಂದನ್ನೂ ಒತ್ತಿರಲಿಲ್ಲ.

ಆ ಭಾನುವಾರ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಸೋಮವಾರ, ಹಾಲಿನವನು ಗೇಟು ಬಡಿದಾಗಲೇ.